ಸ್ಯಾನ್ ಫ್ರಾನ್ಸಿಸ್ಕೊ ಸೆಕ್ಷನಲ್ ಚಾರ್ಟ್: ಹಾರಾಟ ಕಲಿಯುವವರು ಮೊದಲು ಕೊಳ್ಳಬೇಕಾದ ಕಾಗದ

ವಿಮಾನ ಓಡಿಸುವುದನ್ನು ಕಲಿಯಲು ಶುರು ಮಾಡಿ ಏಳು ತಿಂಗಳಾಯಿತು. ಹೆಡ್‌ಸೆಟ್, ತೊಡೆಗೆ ಕಟ್ಟಿಕೊಂಡು ಬರೆಯುವ ಪುಟ್ಟ ಹಲಗೆ, ಟ್ಯಾಬ್ಲೆಟ್ ಆ್ಯಪ್‌ನ ಚಂದಾ, ಆನ್‌ಲೈನ್ ಪಾಠ ಅಂತ ತುಂಬಾ ಖರ್ಚು ಮಾಡಿದ್ದೇನೆ. ಅದರಲ್ಲೆಲ್ಲ ನನಗೆ ಜಾಸ್ತಿ ಕಲಿಸಿದ್ದು ಹತ್ತು ಡಾಲರ್ ಆಸುಪಾಸಿನ ಒಂದು ಕಾಗದ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ತಯಾರಿಸುವ ಸ್ಯಾನ್ ಫ್ರಾನ್ಸಿಸ್ಕೊ ಸೆಕ್ಷನಲ್ ಚಾರ್ಟ್ ಅದು, ಅಂದರೆ ಪೈಲಟ್‌ಗಳ ನಕ್ಷೆ. ಏರ್‌ಪೋರ್ಟ್ ಪಕ್ಕದ ಪೈಲಟ್ ಅಂಗಡಿಗಳಲ್ಲಿ ಮಡಿಸಿ ಇಟ್ಟಿರುತ್ತಾರೆ. ಬಿಚ್ಚಿದರೆ ನಮ್ಮ ಊಟದ ಟೇಬಲ್ ತುಂಬುತ್ತದೆ.

ನಾನು ಹಾಸನದವಳು. ಈಗ ಸ್ಯಾನ್ ಹೋಸೆಯ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ಹಾರುವುದು ಊರಿನೊಳಗೇ ಇರುವ ರೀಡ್ ಹಿಲ್‌ವ್ಯೂ ಏರ್‌ಪೋರ್ಟ್‌ನಿಂದ, ನಾಲ್ಕು ಸೀಟಿನ ಸೆಸ್ನಾ 172ರಲ್ಲಿ. ಇಲ್ಲಿ ಬೇ ಏರಿಯಾದಲ್ಲಿ ಹಾರಲು ಕಲಿಯುತ್ತಿರುವ ಕನ್ನಡದವರು ಇನ್ನೂ ಕೆಲವರಿದ್ದಾರೆ. ಎಲ್ಲರೂ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ: ಏರ್‌ಸ್ಪೇಸ್ ಕ್ಲಾಸ್‌ಗಳು, ಅಂದರೆ ಒಂದೊಂದಕ್ಕೆ ಒಂದೊಂದು ನಿಯಮ ಇಟ್ಟು ಆಕಾಶವನ್ನು ಹಂಚಿದ ಭಾಗಗಳು, ಅದರ ಜೊತೆ ಬರುವ ಹವೆಯ ನಿಯಮಗಳು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ಕಲಿತ ತಪ್ಪು ದಾರಿ ಹೇಳಿಬಿಡುತ್ತೇನೆ. ಆನ್‌ಲೈನ್ ಪಾಠದಲ್ಲಿ ಒಂದು ಕೋಷ್ಟಕ ಕೊಟ್ಟಿದ್ದರು. ಎ, ಬಿ, ಸಿ, ಡಿ, ಇ, ಜಿ ಒಂದು ಕಡೆ. ಎಷ್ಟು ಮೈಲಿ ಕಾಣಬೇಕು, ಮೋಡದಿಂದ ಎಷ್ಟು ದೂರ ಇರಬೇಕು ಅನ್ನುವುದು ಇನ್ನೊಂದು ಕಡೆ. ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಆನ್‌ಲೈನ್ ಕ್ವಿಜ್‌ನಲ್ಲಿ ಒಳ್ಳೆ ಅಂಕವೂ ಬಂತು. ಆಮೇಲೆ ಒಂದು ದಿನ ಆಕಾಶದಲ್ಲಿ ಇನ್‌ಸ್ಟ್ರಕ್ಟರ್ ಕೇಳಿದರು: "ಈಗ ನಾವು ಯಾವ ಕ್ಲಾಸ್‌ನಲ್ಲಿದ್ದೇವೆ? ಆ ಮೋಡಕ್ಕೆ ಇನ್ನೆಷ್ಟು ಹತ್ತಿರ ಹೋಗಬಹುದು?" ಕೋಷ್ಟಕದ ಸಾಲು ಕಣ್ಣ ಮುಂದೆ ಇತ್ತು. ಆದರೆ ನಾನು ಯಾವ ಸಾಲಿನೊಳಗೆ ಇದ್ದೇನೆ ಅನ್ನುವುದೇ ತಿಳಿಯಲಿಲ್ಲ. ಇಳಿದ ಮೇಲೆ ಅವರು ಹೇಳಿದ್ದು ಒಂದೇ ಮಾತು. ಕಾಗದದ ಚಾರ್ಟ್ ಕೊಂಡು ಒಂದು ತಿಂಗಳು ಮನೆಯಲ್ಲಿ ಹಾಸಿಡಿ ಅಂತ.

ಚಾರ್ಟ್‌ನ ಅಳತೆ 1:500,000. ಅಂದರೆ ಕಾಗದದ ಮೇಲೆ 1 ಸೆಂಟಿಮೀಟರ್ ಇದ್ದರೆ ನೆಲದ ಮೇಲೆ 5 ಕಿಲೋಮೀಟರ್. ಈ ಲೆಕ್ಕ ತಲೆಯಲ್ಲಿ ಕೂತರೆ ಅರ್ಧ ಪಾಠ ಮುಗಿದ ಹಾಗೆ. ಎರಡೂ ಬದಿಯಲ್ಲಿ ಮುದ್ರಿಸಿರುತ್ತಾರೆ. ಪೆಸಿಫಿಕ್ ಕರಾವಳಿಯಿಂದ ಲೇಕ್ ಟಾಹೊ ದಾಟಿ ನೆವಾಡದವರೆಗೆ ಎಲ್ಲ ಬರುತ್ತದೆ. ಬೆಟ್ಟಗಳಿಗೆ ಎತ್ತರಕ್ಕೆ ತಕ್ಕ ಬಣ್ಣ. ವಿಮಾನಗಳ ಓಡಾಟ ನಿಯಂತ್ರಿಸುವ ಟವರ್ ಇರುವ ಏರ್‌ಪೋರ್ಟ್ ನೀಲಿಯಲ್ಲಿ, ಇಲ್ಲದ್ದು ಮಜೆಂಟಾದಲ್ಲಿ. ಮಜೆಂಟಾ ಅಂದರೆ ನಮ್ಮ ಸೀರೆ ಅಂಗಡಿಯಲ್ಲಿ ರಾಣಿ ಕಲರ್ ಅನ್ನುತ್ತಾರಲ್ಲ, ಅದೇ. ನಾನು ಹಾಗೇ ಕರೆಯುತ್ತೇನೆ.

ಗೆರೆಗಳ ಭಾಷೆ ಇಷ್ಟು. ಗಟ್ಟಿ ನೀಲಿ ಗೆರೆ ಕ್ಲಾಸ್ ಬಿ. ಗಟ್ಟಿ ರಾಣಿ ಗೆರೆ ಕ್ಲಾಸ್ ಸಿ. ತುಂಡು ತುಂಡು ನೀಲಿ ಗೆರೆ ಕ್ಲಾಸ್ ಡಿ. ತುಂಡು ತುಂಡು ರಾಣಿ ಗೆರೆ ನೆಲದಿಂದಲೇ ಶುರುವಾಗುವ ಕ್ಲಾಸ್ ಇ. ಅಂಚು ಮಸುಕಾದ ಅಗಲ ರಾಣಿ ಪಟ್ಟಿ ಕಂಡರೆ ಅದರ ಒಳಗೆ ನೆಲದಿಂದ 700 ಅಡಿವರೆಗೆ ಕ್ಲಾಸ್ ಜಿ, ಅದರ ಮೇಲೆ ಇ. ಪಟ್ಟಿಯ ಹೊರಗೆ ಸಾಮಾನ್ಯವಾಗಿ 1,200 ಅಡಿಯಿಂದ ಇ. ಕ್ಲಾಸ್ ಎ ಈ ಕಾಗದದ ಮೇಲೆ ಇಲ್ಲವೇ ಇಲ್ಲ. ಅದು ಸಮುದ್ರ ಮಟ್ಟದಿಂದ 18,000 ಅಡಿ ಮೇಲಿನದು, ಅಲ್ಲಿ ಕಣ್ಣಿನ ಭರವಸೆಯ ಮೇಲೆ ಹಾರಲು ಯಾರಿಗೂ ಬಿಡುವುದಿಲ್ಲ.

ಕ್ಲಾಸ್ ಬಿ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟ್ ಸುತ್ತ ನೀಲಿ ಗೆರೆಗಳು ಒಂದರ ಹೊರಗೆ ಒಂದು. ಪ್ರತಿ ತುಂಡಿನೊಳಗೆ ಭಿನ್ನರಾಶಿಯ ಹಾಗೆ ಎರಡು ಅಂಕಿ. 100 ಮೇಲೆ, 40 ಕೆಳಗೆ ಅಂತಿದ್ದರೆ ಆ ತುಂಡು 4,000 ಅಡಿಯಿಂದ 10,000 ಅಡಿವರೆಗೆ ಎಂದು ಅರ್ಥ. ದಸರಾ ಗೊಂಬೆ ಕೂರಿಸುವ ಮೆಟ್ಟಿಲನ್ನು ನೆನಪಿಸಿಕೊಂಡ ದಿನ ಅದು ಬಿಡಿಸಿಕೊಂಡಿತು. ಆ ಮೆಟ್ಟಿಲನ್ನು ತಲೆಕೆಳಗು ಮಾಡಿ ಏರ್‌ಪೋರ್ಟ್ ಮೇಲೆ ಇಟ್ಟ ಹಾಗೆ. ನಡುವೆ ನೆಲ ಮುಟ್ಟುತ್ತದೆ, ಹೊರಗೆ ಹೋದಷ್ಟೂ ಅಡಿಭಾಗ ಮೇಲೇರುತ್ತದೆ. ದೊಡ್ಡ ಜೆಟ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯಲು ಮಾಡಿದ ಜಾಗ. ನಮ್ಮಂಥ ಸಣ್ಣ ವಿಮಾನದವರು ಆ ಮೆಟ್ಟಿಲುಗಳ ಕೆಳಗೆ ನುಸುಳಿಕೊಂಡು ಹೋಗುತ್ತೇವೆ. ಪಾಲೊ ಆಲ್ಟೊ ಕಡೆ ಹೋಗುವಾಗ ತಲೆಯ ಮೇಲೆ ಆ ಅಡಿಭಾಗ ಎಷ್ಟು ಎತ್ತರದಲ್ಲಿದೆ ಅಂತ ಗೊತ್ತಿಲ್ಲದೆ ಏರುವ ಹಾಗಿಲ್ಲ.

ಕ್ಲಾಸ್ ಬಿ ಒಳಗೆ ಹೋಗಲು, ನೆಲದಿಂದ ರೇಡಿಯೊದಲ್ಲಿ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಬಾಯಿಂದ "ಕ್ಲಿಯರ್ಡ್ ಇನ್‌ಟು ದ ಬ್ರಾವೊ" ಅನ್ನುವ ಮಾತು ಬರಲೇಬೇಕು. ಬ್ರಾವೊ ಅಂದರೆ ರೇಡಿಯೊ ಭಾಷೆಯಲ್ಲಿ ಬಿ. ನಿಮ್ಮ ವಿಮಾನದ ನಂಬರ್ ಕರೆದು ಮಾತಾಡಿದರು ಅಂದ ಮಾತ್ರಕ್ಕೆ ಸಾಲದು. ಸಿ ಮತ್ತು ಡಿ ಹಾಗಲ್ಲ. ಅಲ್ಲಿ ಎರಡೂ ಕಡೆಯಿಂದ ಮಾತು ಕೂಡಿದರೆ ಸಾಕು. ಕಂಟ್ರೋಲರ್ ನಿಮ್ಮ ವಿಮಾನದ ನಂಬರ್ ಹೇಳಿ "ಸ್ಟ್ಯಾಂಡ್‌ಬೈ" ಅಂದರೂ ಮಾತು ಕೂಡಿದ ಹಾಗೆ, ಒಳಗೆ ಹೋಗಬಹುದು. ನಂಬರ್ ಹೇಳದೆ "ಕರೆದ ವಿಮಾನ, ಸ್ಟ್ಯಾಂಡ್‌ಬೈ" ಅಂದರೆ ಹೊರಗೇ ಸುತ್ತಬೇಕು. ಕಲಿಯುವವರು ಒಬ್ಬರೇ ಕ್ಲಾಸ್ ಬಿ ಒಳಗೆ ಹೋಗಬೇಕಾದರೆ ಅದೇ ಜಾಗದ ತರಬೇತಿ ಆಗಿ ಲಾಗ್‌ಬುಕ್‌ನಲ್ಲಿ ಇನ್‌ಸ್ಟ್ರಕ್ಟರ್ ಸಹಿ ಬೇರೆ ಬೇಕು. ಸ್ಯಾನ್ ಫ್ರಾನ್ಸಿಸ್ಕೊ ರನ್‌ವೇಯಲ್ಲಿ ಒಬ್ಬರೇ ಇಳಿಯುವುದಂತೂ ಕಲಿಯುವವರಿಗೆ ಪೂರ್ತಿ ನಿಷೇಧ.

ರೀಡ್ ಹಿಲ್‌ವ್ಯೂನ ಕಥೆ ಇನ್ನೂ ಇಕ್ಕಟ್ಟು. ನಮ್ಮದು ತುಂಡು ನೀಲಿ ಗೆರೆಯ ಕ್ಲಾಸ್ ಡಿ. ಪಕ್ಕದಲ್ಲೇ, ಕೆಲವೇ ಮೈಲಿ ದೂರದಲ್ಲಿ ಸ್ಯಾನ್ ಹೋಸೆ ಇಂಟರ್‌ನ್ಯಾಷನಲ್. ಅದರ ಕ್ಲಾಸ್ ಸಿ 4,000 ಅಡಿವರೆಗೆ ಎದ್ದು ನಮ್ಮ ತಲೆಯ ಮೇಲೂ ಚಾಚಿಕೊಂಡಿದೆ. ಪೂರ್ವಕ್ಕೆ ಬೆಟ್ಟ. ಲಿಕ್ ವೀಕ್ಷಣಾಲಯ ಇರುವ ಮೌಂಟ್ ಹ್ಯಾಮಿಲ್ಟನ್ ಸುಮಾರು 4,200 ಅಡಿ. ಟ್ಯಾಬ್ಲೆಟ್‌ನಲ್ಲಿ ಇದನ್ನೆಲ್ಲ ಒಂದೇ ಸಲ ನೋಡಲು ಆಗುವುದಿಲ್ಲ. ಜೂಮ್ ಮಾಡಿದರೆ ಬೆಟ್ಟ ಕಾಣುತ್ತದೆ, ಕ್ಲಾಸ್ ಬಿ ಮಾಯ. ದೂರ ಮಾಡಿದರೆ ಅಂಕಿಗಳು ಕಾಣಿಸುವುದಿಲ್ಲ. ಕಾಗದದಲ್ಲಿ ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ.

ಇನ್ನು ಹವೆ. ನನ್ನ ಮಟ್ಟಿಗೆ ಈ ಕಾಗದದ ದೊಡ್ಡ ಉಪಕಾರ ಇದೇ.

ಕಣ್ಣಿನ ಭರವಸೆಯ ಮೇಲೆ ಹಾರುವುದಕ್ಕೆ ವಿಎಫ್‌ಆರ್ ಅನ್ನುತ್ತಾರೆ. 10,000 ಅಡಿ ಕೆಳಗೆ ಸಿ, ಡಿ, ಇ ಮೂರಕ್ಕೂ ಒಂದೇ ನಿಯಮ. 3 ಮೈಲಿ ಕಾಣಬೇಕು. ಮೋಡಕ್ಕಿಂತ 500 ಅಡಿ ಕೆಳಗೆ, ಅಥವಾ 1,000 ಅಡಿ ಮೇಲೆ, ಅಥವಾ ಪಕ್ಕಕ್ಕೆ 2,000 ಅಡಿ ದೂರ ಇರಬೇಕು. ಇಲ್ಲಿನವರು "ಮೂರು, ಒನ್ ಫಿಫ್ಟಿ ಟೂ" ಅಂತ ಸೆಸ್ನಾ 152 ವಿಮಾನ ನೆನಪಿಸಿಕೊಂಡು ಹೇಳುತ್ತಾರೆ: 3 ಮೈಲಿ, ಆಮೇಲೆ 1,000, 500, 2,000. ನನಗೆ ಅದು ಹತ್ತಲಿಲ್ಲ. ಪಾತ್ರೆ ತೊಳೆಯುತ್ತಾ "ಕೆಳಗೈನೂರು, ಮೇಲೆ ಸಾವಿರ, ಪಕ್ಕಕ್ಕೆ ಎರಡು ಸಾವಿರ" ಅಂತ ಹೇಳಿಕೊಂಡೆ, ನಿಂತಿತು.

ಆದರೆ 3 ಮೈಲಿ ಅಂದರೆ ಎಷ್ಟು? ಇಲ್ಲಿ ಲೆಕ್ಕ ರಸ್ತೆ ಮೈಲಿಯದು, ನಾಟಿಕಲ್ ಮೈಲಿಯದಲ್ಲ. 4.8 ಕಿಲೋಮೀಟರ್. ಚಾರ್ಟ್ ಮೇಲೆ 1 ಸೆಂಟಿಮೀಟರ್‌ಗೂ ಚೂರು ಕಡಿಮೆ. ಇದನ್ನು ಅಳೆಯುತ್ತಾ ಕೂತಿದ್ದಾಗ ನನ್ನ ಹತ್ತು ವರ್ಷದ ಮಗಳು ಒಂದು ಸೆಂಟ್ ನಾಣ್ಯ ತಂದು ರೀಡ್ ಹಿಲ್‌ವ್ಯೂ ಮೇಲೆ ಇಟ್ಟಳು. "ಅಮ್ಮಾ, ಇದು ಸರಿಯಾಗಿ ಕೂರುತ್ತೆ ನೋಡು" ಅಂದಳು. ಸ್ಕೇಲ್ ಇಟ್ಟು ನೋಡಿದೆ. ನಾಣ್ಯದ ಅಡ್ಡಳತೆ 19 ಮಿಲಿಮೀಟರ್. ನಡುವಿನಿಂದ ಅಂಚಿಗೆ ಒಂಬತ್ತೂವರೆ. ಅಂದರೆ ಆ ನಾಣ್ಯವೇ 3 ಮೈಲಿ ಕಾಣುವ ವೃತ್ತ! ನಡುವೆ ನಾನು, ನಾಣ್ಯದ ಅಂಚು ನನ್ನ ಕಣ್ಣಿನ ಕೊನೆ. ಅಷ್ಟು ದೊಡ್ಡ ಕಾಗದದಲ್ಲಿ ನನಗೆ ಕಾಣುವುದು ಒಂದು ಸೆಂಟ್‌ನಷ್ಟು ಜಾಗ ಮಾತ್ರ. ಎದೆ ಝಲ್ ಎಂದಿತು.

ಆಮೇಲೆ 1 ಮೈಲಿಯ ನಿಯಮ. ಹಗಲು ಹೊತ್ತು ಕ್ಲಾಸ್ ಜಿಯಲ್ಲಿ, ನೆಲದಿಂದ 1,200 ಅಡಿ ಒಳಗೆ, 1 ಮೈಲಿ ಕಂಡು ಮೋಡಕ್ಕೆ ತಾಗದೆ ಇದ್ದರೆ ಸಾಕು ಅಂತ ಕಾನೂನು. ಕಾಗದದ ಮೇಲೆ ಅದು 3 ಮಿಲಿಮೀಟರ್. ಹಣೆಗೆ ಇಡುವ ಸಣ್ಣ ಸ್ಟಿಕ್ಕರ್ ಬೊಟ್ಟನ್ನು ಸ್ಯಾನ್ ಮಾರ್ಟಿನ್ ಏರ್‌ಪೋರ್ಟ್ ಮೇಲೆ ಅಂಟಿಸಿದೆ. ಆ ಬೊಟ್ಟಿನಷ್ಟೇ ಲೋಕ. ತರಬೇತಿಯ ನಿಧಾನ ವೇಗ, 90 ನಾಟ್‌ನಲ್ಲಿ (ಗಂಟೆಗೆ ಸುಮಾರು 167 ಕಿಲೋಮೀಟರ್), ಬೊಟ್ಟಿನ ನಡುವಿನಿಂದ ಅಂಚಿಗೆ 35 ಸೆಕೆಂಡ್ ದಾರಿ. ಅಷ್ಟರಲ್ಲಿ ಬೆಟ್ಟ ಕಾಣಬೇಕು, ಗೊತ್ತಾಗಬೇಕು, ತಿರುಗಬೇಕು. ಕಾನೂನು ಬಿಟ್ಟರೂ ನಾನು ಹೋಗುವುದಿಲ್ಲ ಅಂತ ಅವತ್ತೇ ತೀರ್ಮಾನಿಸಿದೆ. ಕಲಿಯುವವರಿಗಂತೂ ಕಾನೂನೇ ಬಿಡುವುದಿಲ್ಲ: ಒಬ್ಬರೇ ಹಾರುವಾಗ ಎಲ್ಲೇ ಆದರೂ ಹಗಲು 3 ಮೈಲಿ, ರಾತ್ರಿ 5 ಮೈಲಿ ಕಾಣಲೇಬೇಕು.

ನಿಯಮಗಳ ಹಿಂದಿನ ಕಾರಣವೂ ಗೆರೆಗಳ ಜೊತೆ ಸೇರಿಸಿಯೇ ತಿಳಿಯಿತು. ಮೋಡದೊಳಗಿಂದ ಉಪಕರಣ ನೋಡಿಕೊಂಡು ಹಾರುವ ವಿಮಾನ ಹೊರಬರಬಹುದು. 10,000 ಅಡಿ ಕೆಳಗೆ ವೇಗದ ಮಿತಿ 250 ನಾಟ್. ಆ ವೇಗದಲ್ಲಿ 2,000 ಅಡಿ ದಾಟಲು 5 ಸೆಕೆಂಡ್ ಕೂಡ ಬೇಡ. ಪಕ್ಕಕ್ಕೆ ಎರಡು ಸಾವಿರ ಅನ್ನುವುದು ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳಲು ಕೊಟ್ಟ ಆ ಐದು ಸೆಕೆಂಡ್. 10,000 ಅಡಿ ಮೇಲೆ ಆ ವೇಗದ ಮಿತಿ ಇಲ್ಲ. ಅದಕ್ಕೇ ಅಲ್ಲಿ 5 ಮೈಲಿ ಕಾಣಬೇಕು, ಮೋಡದ ಮೇಲೂ ಕೆಳಗೂ 1,000 ಅಡಿ, ಪಕ್ಕಕ್ಕೆ 1 ಮೈಲಿ. ಕ್ಲಾಸ್ ಬಿಯಲ್ಲಿ ಎಲ್ಲರನ್ನೂ ಕಂಟ್ರೋಲರ್ ಬೇರೆ ಬೇರೆ ಇಡುತ್ತಾರೆ, ಆದ್ದರಿಂದ 3 ಮೈಲಿ ಕಂಡು ಮೋಡಕ್ಕೆ ತಾಗದಿದ್ದರೆ ಆಯಿತು. ಕಾರಣ ಗೊತ್ತಾದ ಮೇಲೆ ಬಾಯಿಪಾಠದ ಅಗತ್ಯವೇ ಕಡಿಮೆಯಾಯಿತು.

ಟವರ್ ಇಲ್ಲದ ಕಡೆ ನೋಡಿಕೊಳ್ಳುವ ಕೆಲಸ ಪೂರ್ತಿ ನಮ್ಮದೇ. 2022ರ ಆಗಸ್ಟ್‌ನಲ್ಲಿ ವಾಟ್ಸನ್‌ವಿಲ್‌ನಲ್ಲಿ ಇಳಿಯಲು ಬರುತ್ತಿದ್ದ ಎರಡು ವಿಮಾನ ಡಿಕ್ಕಿಯಾಗಿ ಮೂವರು ತೀರಿಕೊಂಡರು. ಚಾರ್ಟ್‌ನಲ್ಲಿ ಆ ಊರು ರಾಣಿ ಬಣ್ಣದಲ್ಲಿದೆ. ಆ ಬಣ್ಣ ಕಂಡರೆ ನಾನು ಈಗ ರೇಡಿಯೊದಲ್ಲಿ ಎಲ್ಲಿದ್ದೇನೆ ಅಂತ ಹೇಳುವುದನ್ನೂ ಕತ್ತು ತಿರುಗಿಸಿ ನೋಡುವುದನ್ನೂ ಬೇಗನೇ ಶುರು ಮಾಡುತ್ತೇನೆ.

ಈ ಕಾಗದ ನನ್ನನ್ನು ನಿಲ್ಲಿಸಿದ ಒಂದು ಬೆಳಿಗ್ಗೆಯನ್ನು ಹೇಳಬೇಕು. ಜುಲೈ ತಿಂಗಳ ಶನಿವಾರ. ಒಬ್ಬಳೇ ಹಾಲಿಸ್ಟರ್‌ಗೆ ಹೋಗಿ ಬರಲು ಸಹಿ ಸಿಕ್ಕಿತ್ತು. ಕಾಗದದ ಮೇಲೆ 12 ಸೆಂಟಿಮೀಟರ್ ದಾರಿ, 7 ಸೆಂಟಿಮೀಟರ್ ಹತ್ತಿರ ಸ್ಯಾನ್ ಮಾರ್ಟಿನ್. ಬೆಳಿಗ್ಗೆ ಎದ್ದು ನೋಡಿದರೆ ಬೇಸಿಗೆಯ ಮಾಮೂಲು ಮೋಡ. ಇಲ್ಲಿ ಸಮುದ್ರದ ನೀರು ಬಹಳ ತಣ್ಣಗೆ. ಅದರ ಮೇಲಿನ ಗಾಳಿ ತಣಿದು ತಗ್ಗು ಮೋಡವಾಗಿ, ಒಳನಾಡಿನ ಬಿಸಿಲು ಎಳೆದಂತೆ ರಾತ್ರಿ ಕಣಿವೆಯೊಳಗೆ ನುಗ್ಗುತ್ತದೆ. ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ, ಮೋಡ ಮೇಲೇಳಲು ಬಿಡುವುದಿಲ್ಲ. ಸಕಲೇಶಪುರದ ಘಾಟಿಯ ಕಾವಳ ನೋಡಿ ಬೆಳೆದವಳು ನಾನು. ಅಲ್ಲಿ ಮಂಜು ರಸ್ತೆಗೇ ಇಳಿಯುತ್ತದೆ. ಇಲ್ಲಿ ಕೆಳಗೆಲ್ಲ ಚೆನ್ನಾಗಿ ಕಾಣುತ್ತದೆ, ತಲೆಯ ಮೇಲೆ ಮಾತ್ರ ಬೂದು ಚಾವಣಿ. ಮೋಸ ಹೋಗುವುದು ಅಲ್ಲೇ.

ಹವೆಯ ವರದಿ ಅಂದರೆ ಮೆಟಾರ್‌ನಲ್ಲಿ 10 ಮೈಲಿ ಕಾಣುತ್ತದೆ, ಓವಿಸಿ011 ಅಂತಿತ್ತು. ನೆಲದಿಂದ 1,100 ಅಡಿ ಎತ್ತರದಲ್ಲಿ ಪೂರ್ತಿ ಮೋಡ. ಕ್ಲಾಸ್ ಡಿಯಲ್ಲಿ ವಿಎಫ್‌ಆರ್‌ಗೆ 1,000 ಅಡಿ ಚಾವಣಿ, 3 ಮೈಲಿ ನೋಟ ಸಾಕು. ಎರಡೂ ಇದೆ! ಕೋಷ್ಟಕ ಮಾತ್ರ ಗೊತ್ತಿದ್ದ ಹಳೆಯ ನಾನಾಗಿದ್ದರೆ ಹೊರಟೇಬಿಡುತ್ತಿದ್ದೆ.

ಚಾರ್ಟ್ ಬಿಚ್ಚಿ ಪೆನ್ಸಿಲ್ ಹಿಡಿದೆ. ಮೋಡ 1,100 ಅಡಿಯಲ್ಲಿ. ಅದಕ್ಕಿಂತ 500 ಕೆಳಗೆ ಇರಬೇಕು, ಅಂದರೆ 600 ಅಡಿ. ಆದರೆ ಕೆಳಗೆ ಇರುವುದು ಸ್ಯಾನ್ ಹೋಸೆ ಊರು, ಕಾಗದದ ಮೇಲೆ ಹಳದಿ ಬಣ್ಣದಲ್ಲಿ ಹರಡಿಕೊಂಡಿದೆ. ಜನವಸತಿಯ ಮೇಲೆ ಹಾರುವಾಗ, ಏರುವ ಇಳಿಯುವ ಹೊತ್ತು ಬಿಟ್ಟರೆ, ಹತ್ತಿರದ ಅತಿ ಎತ್ತರದ ಅಡ್ಡಿಗಿಂತ 1,000 ಅಡಿ ಮೇಲೆ ಇರಬೇಕೆಂದು ಇನ್ನೊಂದು ನಿಯಮ. 600 ಅಡಿಗಿಂತ ಮೇಲೆ ಹೋಗುವ ಹಾಗಿಲ್ಲ, 1,000 ಅಡಿಗಿಂತ ಕೆಳಗೆ ಇರುವ ಹಾಗಿಲ್ಲ. ಎರಡರ ನಡುವೆ ನನಗೆ ಜಾಗವೇ ಇಲ್ಲ. ಏರಿ, ಒಂದು ಸುತ್ತು ಹಾಕಿ, ಇಳಿಯಬಹುದೇನೋ. ಹಾಲಿಸ್ಟರ್ ಕಡೆಗಂತೂ ದಾರಿಯಿಲ್ಲ. ಆಮೇಲೆ ಆಗ್ನೇಯದ ಬೆಟ್ಟಗಳ ಅಂಕಿ ನೋಡಿದೆ. ಅವು ಆಗಲೇ ಮೋಡದೊಳಗೆ ಹೂತಿದ್ದವು.

ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡಿ ಈ ಲೆಕ್ಕ ಹೇಳಿದೆ. "ಸರಿ, ಕಾಯಿರಿ" ಅಂದರು, ಅಷ್ಟೇ. ಅವರ ದನಿಯಲ್ಲಿ ಖುಷಿ ಇತ್ತು. ಕಾಯುತ್ತಾ ರೇಡಿಯೊ ಕೇಳಿಸಿಕೊಂಡೆ. ಯಾರೋ ಸ್ಪೆಷಲ್ ವಿಎಫ್‌ಆರ್ ಕೇಳುತ್ತಿದ್ದರು. ಟವರ್ ಅನುಮತಿ ಕೊಟ್ಟರೆ 1 ಮೈಲಿ ನೋಟದಲ್ಲಿ, ಮೋಡಕ್ಕೆ ತಾಗದೆ ಹೋಗಬಹುದು. ಅನುಭವ ಇರುವವರಿಗೆ ಸರಿ. ನಾಣ್ಯ ಮತ್ತು ಬೊಟ್ಟು ನೋಡಿದ ಮೇಲೆ ನನಗೆ ಆಸೆಯಾಗಲಿಲ್ಲ. ಕಣ್ಣಿನ ಭರವಸೆಯಲ್ಲಿ ಹಾರುವವರು ಮೋಡದೊಳಗೆ ಹೊಕ್ಕರೆ ಕಿವಿಯೊಳಗಿನ ಸಮತೋಲ ಸುಳ್ಳು ಹೇಳತೊಡಗುತ್ತದೆ, ವಿಮಾನ ತಿರುಗುತ್ತಿದ್ದರೂ ನೆಟ್ಟಗೆ ಹೋಗುತ್ತಿದೆ ಅನಿಸುತ್ತದೆ. ಸಣ್ಣ ವಿಮಾನಗಳ ಅಪಘಾತಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವ ಬಗೆಗಳಲ್ಲಿ ಇದೂ ಒಂದು. ಹನ್ನೊಂದರ ಹೊತ್ತಿಗೆ ಬಿಸಿಲಿಗೆ ಮೋಡ ಅಂಚಿನಿಂದ ಕರಗಿತು. ಹನ್ನೆರಡಕ್ಕೆ ಹೊರಟೆ. ಆ್ಯಂಡರ್ಸನ್ ಕೆರೆ ಕಾಗದದಲ್ಲಿ ಇದ್ದ ಆಕಾರದಲ್ಲೇ ಕೆಳಗೆ ಬಂದಾಗ ಕಣ್ಣಲ್ಲಿ ನೀರು ಬಂತು.

ಕೊಳ್ಳುವ ಮುಂಚೆ ತಿಳಿದಿರಬೇಕಾದ ಮಾತು ಕೆಲವಿವೆ. ಈ ಚಾರ್ಟ್‌ಗೆ ಆಯಸ್ಸು 56 ದಿನ. ಆಮೇಲೆ ಹೊಸ ಆವೃತ್ತಿ. ಹಳೆಯದನ್ನು ಹಾರಲು ಬಳಸಬೇಡಿ, ಗೋಪುರ, ಫ್ರೀಕ್ವೆನ್ಸಿ, ಗೆರೆ ಏನು ಬೇಕಾದರೂ ಬದಲಾಗಿರಬಹುದು. ಮನೆಯಲ್ಲಿ ಓದಲು ಹಳೆಯದೂ ಆಗುತ್ತದೆ. ನನ್ನ ಮೊದಲನೆಯದರಿಂದ ಮಗಳ ಗಣಿತದ ಪುಸ್ತಕಕ್ಕೆ ಬೈಂಡ್ ಹಾಕಿದ್ದೇನೆ. ದುಡ್ಡು ಉಳಿಸಬೇಕಾದರೆ ಇದೇ ಚಾರ್ಟ್ ಎಫ್‌ಎಎ ತಾಣದಲ್ಲಿ ಪುಕ್ಕಟೆ ಇಳಿಸಿಕೊಳ್ಳಬಹುದು. ಚಿಹ್ನೆಗಳನ್ನು ವಿವರಿಸುವ ಕೈಪಿಡಿಯೂ ಅಲ್ಲೇ ಪುಕ್ಕಟೆ. ಕ್ಲಾಸ್ ಬಿ ಹತ್ತಿರ ಹಾರುವವರು ಇದರ ಜೊತೆ ಟರ್ಮಿನಲ್ ಏರಿಯಾ ಚಾರ್ಟ್ ಕೊಳ್ಳಿ. ಅದರ ಅಳತೆ 1:250,000, ಎಲ್ಲವೂ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. ಅದರ ಮೇಲೆ ನಾಣ್ಯದ ಲೆಕ್ಕ ನಡೆಯುವುದಿಲ್ಲ, ನೆನಪಿರಲಿ.

ಟವರ್ ಫ್ರೀಕ್ವೆನ್ಸಿ ಪಕ್ಕ ಪುಟ್ಟ ನಕ್ಷತ್ರ ಇದೆಯಾ ಅಂತ ನೋಡಿ. ಇದ್ದರೆ ಆ ಟವರ್ ದಿನವಿಡೀ ತೆರೆದಿರುವುದಿಲ್ಲ. ಮುಚ್ಚಿದ ಮೇಲೆ ಅದೇ ಜಾಗ ಕ್ಲಾಸ್ ಇ ಅಥವಾ ಜಿ ಆಗುತ್ತದೆ, ಹವೆಯ ನಿಯಮವೂ ಅದರ ಜೊತೆ ಬದಲಾಗಬಹುದು. ಇದನ್ನು ನನಗೆ ಯಾವ ಕೋಷ್ಟಕವೂ ಹೇಳಿರಲಿಲ್ಲ.

ಆ್ಯಪ್ ಬೇಡ ಅನ್ನುತ್ತಿಲ್ಲ. ಹಾರುವಾಗ ನಾನೂ ಬಳಸುತ್ತೇನೆ, ನಾವು ಎಲ್ಲಿದ್ದೇವೆ ಅಂತ ತೋರಿಸುವ ಚುಕ್ಕಿ ದೊಡ್ಡ ಸಹಾಯ. ಆದರೆ ಜುಲೈ ಬಿಸಿಲಲ್ಲಿ ಒಂದು ಸಲ ಟ್ಯಾಬ್ಲೆಟ್ ಕಾದು ತಾನೇ ಆಫ್ ಆಯಿತು. ಆಗ ತೊಡೆಯ ಮೇಲಿದ್ದದ್ದು ಈ ಕಾಗದ. ಮೇಲಾಗಿ ಆ ಚುಕ್ಕಿ ಇದ್ದರೆ ಗೆರೆ ಓದುವ ಅಭ್ಯಾಸವೇ ಆಗುವುದಿಲ್ಲ. ಲೈಸೆನ್ಸ್‌ಗೆ ಮುಂಚಿನ ಕೊನೆಯ ಪರೀಕ್ಷೆ, ಅಂದರೆ ಚೆಕ್‌ರೈಡ್‌ನಲ್ಲಿ ಪರೀಕ್ಷಕರು ಚಾರ್ಟ್ ಮೇಲೆ ಬೆರಳಿಟ್ಟು ಕೇಳುತ್ತಾರೆ: ಇಲ್ಲಿ, ಇಷ್ಟು ಎತ್ತರದಲ್ಲಿ, ಯಾವ ಕ್ಲಾಸ್? ಎಷ್ಟು ಕಾಣಬೇಕು? ರೇಡಿಯೊದಲ್ಲಿ ಯಾರ ಜೊತೆ ಮಾತಾಡಬೇಕು? ಮನೆಯಲ್ಲಿ ನಾವು ಇದನ್ನೇ ಆಟ ಮಾಡಿಕೊಂಡಿದ್ದೇವೆ. ರಾತ್ರಿ ಊಟ ಆದ ಮೇಲೆ ಮಗಳು ಕಣ್ಣು ಮುಚ್ಚಿ ಎಲ್ಲೋ ನಾಣ್ಯ ಇಡುತ್ತಾಳೆ, ಮನೆಯವರು ಒಂದು ಎತ್ತರ ಹೇಳುತ್ತಾರೆ, ನಾನು ಉತ್ತರ ಹೇಳಬೇಕು.

ನನ್ನ ಚೆಕ್‌ರೈಡ್ ಮುಂದಿನ ತಿಂಗಳು. ಈಗ ಟೇಬಲ್ ಮೇಲಿರುವುದು ನಾಲ್ಕನೆಯ ಚಾರ್ಟ್, ಅದರ ಅವಧಿ ಪರೀಕ್ಷೆಗೆ ಐದು ದಿನ ಮೊದಲೇ ಮುಗಿಯುತ್ತದೆ. ನಿನ್ನೆ ಅಂಗಡಿಗೆ ಹೋಗಿ ಹೊಸದು ಬಂದ ದಿನವೇ ಒಂದು ಎತ್ತಿಡಿ ಅಂತ ಹೇಳಿ, ದುಡ್ಡು ಕೊಟ್ಟು ಬಂದಿದ್ದೇನೆ.